ರೇಡಿಯೇಟರ್ ಫಿನ್ನು ಮಲಗಿದರೆ ಎಂಜಿನ್ ಕಾಯುತ್ತದೆಯೇ?

ಪ್ರಶ್ನೆ (ಮಂಡ್ಯದ ಸದಸ್ಯರು): ನಮಸ್ಕಾರ ಸರ್. ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಕಳೆದ ತಿಂಗಳು ವಾಟರ್ ವಾಷ್ ಮಾಡಿಸಿದಾಗ ಗ್ರಿಲ್ಲಿಗೆ ತೀರ ಹತ್ತಿರದಿಂದ ನೀರು ಹೊಡೆದರು. ಮನೆಗೆ ಬಂದು ನೋಡಿದರೆ ಒಳಗೆ ಅಂಗೈಯಗಲ ಜಾಗದಲ್ಲಿ ರೇಡಿಯೇಟರಿನ ಫಿನ್ನುಗಳು, ಅಂದರೆ ತೆಳು ಲೋಹದ ಪಟ್ಟಿಗಳು, ಮಲಗಿಹೋಗಿವೆ. ಮೈಸೂರಿಗೆ ಹೆದ್ದಾರಿಯಲ್ಲಿ ಹೋಗುವಾಗ ಏನೂ ತೊಂದರೆಯಿಲ್ಲ. ಏಸಿ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಟೆಂಪರೇಚರ್ ಮುಳ್ಳು ಅರ್ಧ ದಾಟುತ್ತದೆ. ಗ್ಯಾರೇಜಿನವರು ರೇಡಿಯೇಟರನ್ನೇ ಬದಲಾಯಿಸಲು ಹೇಳುತ್ತಿದ್ದಾರೆ. ಅಷ್ಟು ಖರ್ಚು ಅಗತ್ಯವೇ?

ಉತ್ತರ (ಮೆಕ್ಯಾನಿಕ್, ಮೈಸೂರು): ನಮಸ್ಕಾರ. ಮೊದಲಿಗೆ, ಗ್ರಿಲ್ಲಿನ ಸಂದಿಯಲ್ಲಿ ನೀವು ಕಂಡದ್ದು ಬಹುತೇಕ ರೇಡಿಯೇಟರ್ ಅಲ್ಲ, ಅದರ ಮುಂದೆ ಕೂತಿರುವ ಏಸಿ ಕಂಡೆನ್ಸರ್, ಅಂದರೆ ಏಸಿ ಗ್ಯಾಸಿನ ಶಾಖವನ್ನು ಹೊರಹಾಕುವ ಭಾಗ. ಆದರೂ ರೇಡಿಯೇಟರಿಗೆ ಬರುವ ಗಾಳಿ ಅದನ್ನೇ ದಾಟಿ ಬರಬೇಕಾದ್ದರಿಂದ ಪರಿಣಾಮ ಎರಡಕ್ಕೂ ಇದೆ. ರೇಡಿಯೇಟರಿನ ಕೊಳವೆಯಲ್ಲಿ ಹರಿಯುವ ಕೂಲೆಂಟಿನ (ಎಂಜಿನ್ ತಣಿಸುವ ದ್ರವದ) ಶಾಖ, ಕೊಳವೆಗೆ ಅಂಟಿದ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ಫಿನ್ನುಗಳಿಗೆ ಹರಡಿ, ಅವುಗಳ ನಡುವೆ ನುಗ್ಗುವ ಗಾಳಿಗೆ ಸೇರುತ್ತದೆ. ಫಿನ್ನು ಮಲಗಿದರೆ ಶಾಖ ಅಲ್ಲಿಯವರೆಗೆ ಬಂದರೂ ಅದನ್ನು ಹೊತ್ತೊಯ್ಯಲು ಗಾಳಿಗೆ ದಾರಿಯಿರುವುದಿಲ್ಲ. ಹೆದ್ದಾರಿಯಲ್ಲಿ ವೇಗವೇ ಗಾಳಿಯನ್ನು ನುಗ್ಗಿಸುವುದರಿಂದ ಈ ಕೊರತೆ ಕಾಣುವುದಿಲ್ಲ. ಬೆಟ್ಟದಲ್ಲಿ ವೇಗ ಕಡಿಮೆ, ಎಂಜಿನ್ನಿಗೆ ಹೊರೆ ಹೆಚ್ಚು, ಜೊತೆಗೆ ಕಂಡೆನ್ಸರ್ ಮೊದಲೇ ಬಿಸಿ ಮಾಡಿದ ಗಾಳಿ ರೇಡಿಯೇಟರಿಗೆ ಬಡಿಯುತ್ತದೆ.

ಆದರೆ ಅಂಗೈಯಗಲ ಮಾತ್ರ ಮಲಗಿದ್ದಕ್ಕೆ ಮುಳ್ಳು ಏರುವುದು ನನಗೆ ನಂಬಿಕೆ ಬರುತ್ತಿಲ್ಲ. ನಿಮ್ಮ ಕಡೆ ಟಾರು ರಸ್ತೆಯ ಮೇಲೆಯೇ ರಾಗಿ, ಹುರುಳಿ ಒಕ್ಕಣೆಗೆ ಹಾಕಿರುತ್ತಾರಲ್ಲ, ಅದರ ಮೇಲೆ ಓಡಿದ ಕಾರುಗಳಲ್ಲಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹೊಟ್ಟು, ಧೂಳು, ಹುಳುಗಳು ಸೇರಿ ಕಂಬಳಿಯ ಹಾಗೆ ಕೂತಿರುತ್ತವೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆ ಸಂದಿ ತೆರೆಯುವಂತೆ ಬಿಚ್ಚಿಸಿ, ಎಂಜಿನ್ ಕಡೆಯಿಂದ ಮುಂದಕ್ಕೆ ಕಡಿಮೆ ಒತ್ತಡದ ನೀರಿನಲ್ಲಿ ತೊಳೆಸಿ. ಫ್ಯಾನ್ ತಿರುಗುತ್ತಿದೆಯೇ, ಕೂಲೆಂಟ್ ಮಟ್ಟ ಸರಿಯಿದೆಯೇ ಎಂಬುದನ್ನೂ ನೋಡಿಸಿ.

ಪ್ರಶ್ನೆ: ಮಲಗಿದ ಫಿನ್ನುಗಳನ್ನು ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಬಹುದೇ? ರೇಡಿಯೇಟರ್ ಬದಲಾಯಿಸಲೇಬೇಕಾದ ಸಂದರ್ಭ ಯಾವುದು?

ಉತ್ತರ: ಸ್ಕ್ರೂಡ್ರೈವರ್ ಬೇಡ, ತುದಿ ಜಾರಿ ಕಂಡೆನ್ಸರಿನ ಕೊಳವೆ ತೂತಾದರೆ ಏಸಿ ಗ್ಯಾಸ್ ಪೂರ್ತಿ ಹೋಗುತ್ತದೆ. ಫಿನ್ನು ಬಾಚುವ ಬಾಚಣಿಗೆಯೇ ಸಿಗುತ್ತದೆ, ಅದರಲ್ಲಿ ನಿಧಾನವಾಗಿ ಬಾಚಿದರೆ ಸಾಕು, ನೂರಕ್ಕೆ ನೂರು ನೆಟ್ಟಗಾಗಬೇಕಿಲ್ಲ. ಬಿಚ್ಚಿದಾಗ ರೇಡಿಯೇಟರಿನ ಫಿನ್ನನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಬಾಗಿದರೆ ಚಿಂತೆಯಿಲ್ಲ. ಬಿಳಿ ಪುಡಿಯಾಗಿ ಉದುರಿದರೆ ಅದು ಕೊಳವೆಯಿಂದ ಬಿಟ್ಟುಕೊಂಡಿದೆ ಎಂದರ್ಥ. ಶಾಖ ಫಿನ್ನಿಗೆ ದಾಟುವುದೇ ಇಲ್ಲ, ಆಗ ಗ್ಯಾರೇಜಿನವರ ಮಾತು ಸರಿ.

ಪ್ರಶ್ನೆ ಕೇಳಿದವರು: ಬಿಚ್ಚಿಸಿದೆ ಸರ್. ಸಂದಿಯಿಂದ ಎರಡು ಹಿಡಿ ಹೊಟ್ಟು ಬಂತು, ಫಿನ್ನು ಉದುರಲಿಲ್ಲ. ಭಾನುವಾರ ಬೆಟ್ಟ ಹತ್ತಿಸಿದಾಗ ಮುಳ್ಳು ಅರ್ಧದಲ್ಲೇ ನಿಂತಿತು. ಆದರೆ ಸಿಗ್ನಲಿನಲ್ಲಿ ನಿಂತಾಗ ಏಸಿ ಮೊದಲಿನಷ್ಟು ತಣ್ಣಗಿಲ್ಲ.

ಉತ್ತರ: ಬಾಚುವ ಕೆಲಸ ಬಾಕಿ ಉಳಿಸಿದ್ದೀರಿ ಎಂದು ಕಾಣುತ್ತದೆ. ಅದನ್ನು ಮುಗಿಸಿ ನೋಡಿ. ಆಮೇಲೂ ಹಾಗೆಯೇ ಇದ್ದರೆ ಗ್ಯಾಸ್ ಒತ್ತಡ ಪರೀಕ್ಷೆ ಮಾಡಿಸಿ.