ಸಹಾಯ ಬೇಕು: ಕೇವಿಯಟ್ ತೆಗೆಸೋಕೆ ಆದ ಲಾಯರ್ ಖರ್ಚು ವಾಪಸ್ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಪ್ರಾಪರ್ಟಿ ಕೇಸ್ ಅನುಭವ ಇರೋರು ದಯವಿಟ್ಟು ಹೇಳಿ. ಮನೆ ಮಾರೋಕೆ ಹೊರಟಾಗ ಆಸ್ತಿ ದಾಖಲೆ ತೆಗೆಸಿ ನೋಡೋ ಟೈಟಲ್ ಸರ್ಚ್‌ನಲ್ಲಿ ಕೊನೇಗೆ ಒಂದೇ ಒಂದು ಸಾಲು, ಕೇವಿಯಟ್ (ಈ ಆಸ್ತಿಲಿ ನಂಗೂ ಹಕ್ಕಿದೆ ಅಂತ ದಾಖಲೆಲಿ ಹಾಕಿಸೋ ತಡೆ) ಅಂತ, ನೋಡಿ ಎದೆ ಧಸಕ್ಕಂತು, ಹಾಕಿದ್ದು ನಮ್ಮೆಜಮಾನ್ರ ಹಳೇ ಬಿಸಿನೆಸ್ ಪಾರ್ಟ್ನರ್, ಸಾಲ ಬಾಕಿ ಇದೆ ಅಂತಾರೆ, ಆದ್ರೆ ಮನೆ ಮೇಲೆ ಅವ್ರಿಗೆ ಏನೂ ಬರ್ಕೊಟ್ಟಿಲ್ಲ, ಬರೀ ಸಾಲ ಇದ್ರೆ ಕೇವಿಯಟ್ ಹಾಕೋ ಹಾಗಿಲ್ಲ ಅಲ್ವಾ. ಲ್ಯಾಪ್ಸಿಂಗ್ ನೋಟಿಸ್ (ಕೋರ್ಟ್ ಆರ್ಡರ್ ತರದಿದ್ರೆ ಕೇವಿಯಟ್ ರದ್ದಾಗುತ್ತೆ ಅನ್ನೋ ನೋಟಿಸ್) ಕೊಟ್ವಿ, 21 ದಿನದೊಳಗೆ ಅವ್ರು ಇಲ್ಲಿನ ರಾಜ್ಯದ ಸುಪ್ರೀಂ ಕೋರ್ಟಿಂದ ಆರ್ಡರ್ ತರ್ಲಿಲ್ಲ, ಕೇವಿಯಟ್ ಬಿದ್ದೋಯ್ತು. ಅಷ್ಟರಲ್ಲಿ ಮನೆ ತಗೊಳೋರು ಕೈಬಿಟ್ರು.

ಈಗ ಲಾಯರ್ ಬಿಲ್ ಬಂದಿದೆ, ಪ್ರತಿ ಫೋನು, ಪ್ರತಿ ಇಮೇಲು 6 ನಿಮಿಷದ ಲೆಕ್ಕದಲ್ಲಿ, ಪುಟಗಟ್ಟಲೆ. ರಿಯಲ್ ಪ್ರಾಪರ್ಟಿ ಆಕ್ಟ್ 1900, ಸೆಕ್ಷನ್ 74ಪಿ ಪ್ರಕಾರ ಸರಿಯಾದ ಕಾರಣ ಇಲ್ದೆ ಕೇವಿಯಟ್ ಹಾಕಿದೋರು ನಷ್ಟ ತುಂಬಿಕೊಡ್ಬೇಕು. ಆದ್ರೆ ನಮ್ಮದು ಕೋರ್ಟ್ ಮೆಟ್ಟಿಲೇ ಹತ್ತಿಲ್ಲ, ಕಾಸ್ಟ್ಸ್ ಆರ್ಡರೂ (ಖರ್ಚು ಕೊಡಿ ಅಂತ ಎದುರು ಪಾರ್ಟಿಗೆ ಕೋರ್ಟ್ ಹೇಳೋ ಆದೇಶ) ಇಲ್ಲ. ಹಾಗಿದ್ರೆ ಈ ಫೀಸನ್ನೂ ನಷ್ಟ ಅಂತ ಕೇಳಬಹುದಾ? ಅದಕ್ಕೆ ಬೇರೆ ಕೇಸ್ ಹಾಕಿದ್ರೆ ಅದರ ಖರ್ಚೇ ಜಾಸ್ತಿ ಆಗುತ್ತೇನೋ ಅಂತ ನಿದ್ದೇನೇ ಬರ್ತಿಲ್ಲ. ಯಾರಾದ್ರೂ ಹೀಗೆ ಕ್ಲೇಮ್ ಮಾಡಿದ್ರೆ ಎಷ್ಟು ಭಾಗ ಸಿಕ್ತು ಹೇಳ್ತೀರಾ ಪ್ಲೀಸ್.