ನಮ್ಮ ಏರಿಯಾದ ಕನ್ನಡ ಶಾಲೆ ಉಳಿಸೋಕೆ ಹೊರಟಿದ್ದೇವೆ, ಅನುಭವ ಇರುವವರು ಹೇಳಿ

ಕೇಳಿದವರು, ಹನುಮಂತನಗರ:
ಮಗಳು ನಾಲ್ಕನೇ ಕ್ಲಾಸು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಶಾಲೆ. ಕನ್ನಡ ಮಾಧ್ಯಮ, ಒಂದು ಟ್ರಸ್ಟ್ ನಡೆಸುತ್ತದೆ, ಸರ್ಕಾರದ ಅನುದಾನ ಇಲ್ಲ. ಹತ್ತನೇ ಕ್ಲಾಸಿನವರೆಗೆ ಒಟ್ಟು 140 ಮಕ್ಕಳು. ಬರುವ ವರ್ಷ ನಡೆಸೋದು ಕಷ್ಟ ಅಂತ ಆಡಳಿತ ಮಂಡಳಿಯವರು ಮೀಟಿಂಗ್‌ನಲ್ಲಿ ಹೇಳಿದರು. ಪೋಷಕರು, ಹಳೆ ವಿದ್ಯಾರ್ಥಿಗಳು ಸೇರಿ ದುಡ್ಡು ಎತ್ತೋಣ ಅಂತಿದ್ದೇವೆ. ಇದಕ್ಕೆ ಕೈ ಹಾಕಬಹುದಾ? ಎಲ್ಲಿಂದ ಶುರು ಮಾಡಬೇಕು?

ರಾಜಾಜಿನಗರದ ಹಳೆ ವಿದ್ಯಾರ್ಥಿ:
ಅಕ್ಕ, ನಾನು ಇಂಥದ್ದೇ ಕೆಲಸಕ್ಕೆ ಮೂರು ವರ್ಷ ಓಡಾಡಿದ್ದೇನೆ. ನಾನು, ನನ್ನ ತಮ್ಮ, ಆಮೇಲೆ ನನ್ನ ಮಗ ಓದಿದ ಶಾಲೆ. ಈಗ ಅದು ಇಲ್ಲ. ಹಾಗಂತ ಕೈ ಹಾಕಬೇಡಿ ಅನ್ನುವುದಿಲ್ಲ. ದುಡ್ಡಿನ ಮಾತಿಗೆ ಮುಂಚೆ ದಾಖಲಾತಿ ಪುಸ್ತಕ ನೋಡಿ. ಎಲ್‌ಕೆಜಿ ಮತ್ತು ಒಂದನೇ ಕ್ಲಾಸಿನದು, ಹಿಂದಿನ ಐದು ವರ್ಷದ್ದು.

ನಮ್ಮಲ್ಲಿ ಒಟ್ಟು 160 ಮಕ್ಕಳಿದ್ದರು. ಪರವಾಗಿಲ್ಲ ಅನ್ನಿಸಿತು. ಆದರೆ ಹತ್ತನೇ ಕ್ಲಾಸಿನಲ್ಲಿ 31 ಮಕ್ಕಳು, ಒಂದನೇ ಕ್ಲಾಸಿನಲ್ಲಿ 7. ಆ 31 ಮಕ್ಕಳು ಪರೀಕ್ಷೆ ಬರೆದು ಹೊರಗೆ ಹೋದರೆ ಅವರ ಜಾಗಕ್ಕೆ ಬರುವವರು ಏಳೇ ಜನ. ನಾವು ಇದನ್ನು ನೋಡಲೇ ಇಲ್ಲ. 11 ಲಕ್ಷ ಎತ್ತಿದೆವು. ಅದರಿಂದ ಶಾಲೆ ಒಂದು ವರ್ಷ ನಡೆಯಿತು. ಮರುವರ್ಷ ಒಂದನೇ ಕ್ಲಾಸಿಗೆ ಬಂದದ್ದು 5 ಮಕ್ಕಳು.

ಮಕ್ಕಳು ಯಾಕೆ ಬರುತ್ತಿಲ್ಲ ಅನ್ನೋದು ಗೊತ್ತಾಗಬೇಕು ಅಲ್ವಾ. ನಮಗೆ ದೊಡ್ಡ ಪೆಟ್ಟು ಬಿದ್ದದ್ದು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟಿನಿಂದ. 2012ರಿಂದ ಖಾಸಗಿ ಶಾಲೆಯ 25% ಸೀಟಿಗೆ ಬಡ, ಹಿಂದುಳಿದ ಮಕ್ಕಳನ್ನು ಸೇರಿಸಿ ಸರ್ಕಾರ ದುಡ್ಡು ಕೊಡುತ್ತಿತ್ತು. 2019-20ರಿಂದ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಮಕ್ಕಳನ್ನು ಕೊಡುವುದಿಲ್ಲ. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಸರ್ಕಾರಿ ಶಾಲೆ ದೂರ ಇರುವುದೇ ಕಡಿಮೆ. ಹಾಗಾಗಿ ಒಂದನೇ ಕ್ಲಾಸಿನ ಕಾಲು ಭಾಗ ಒಂದೇ ಸಲಕ್ಕೆ ಖಾಲಿಯಾಯಿತು. ಅದರ ಬೆನ್ನಿಗೇ ಕೋವಿಡ್. ಬೋಧನಾ ಶುಲ್ಕದಲ್ಲಿ 70% ಮಾತ್ರ ತೆಗೆದುಕೊಳ್ಳಿ ಅಂತ 2021ರ ಜನವರಿಯಲ್ಲಿ ಸರ್ಕಾರ ಹೇಳಿತು. ಪೋಷಕರಿಗೆ ಅದು ಬೇಕಿತ್ತು, ತಪ್ಪು ಅನ್ನುವುದಿಲ್ಲ. ಸಣ್ಣ ಶಾಲೆಯ ಹತ್ತಿರ ಮಾತ್ರ ಉಳಿತಾಯ ಅಂತ ಏನೂ ಇರಲಿಲ್ಲ.

ಇಂಗ್ಲಿಷ್ ಮಾಧ್ಯಮ ಮಾಡಿಬಿಡಿ ಅಂತ ಸಲಹೆ ಕೊಡುವವರು ತುಂಬಾ ಜನ ಸಿಗುತ್ತಾರೆ. ನಮ್ಮವರೂ ಗಾಬರಿಯಲ್ಲಿ ಇಂಗ್ಲಿಷ್ ಮಾಧ್ಯಮ ಅಂತ ಬೋರ್ಡ್ ಹಾಕಲು ಹೊರಟರು. ಇಂಗ್ಲಿಷ್‌ನಲ್ಲಿ ಪಾಠ ಮಾಡುವ ಟೀಚರ್ ಇಲ್ಲ, ಅನುಮತಿ ಬಂದಿಲ್ಲ. ಕನ್ನಡಕ್ಕೆಂದೇ ಸೇರಿಸಿದ್ದ ಪೋಷಕರೂ ಮಕ್ಕಳನ್ನು ಬಿಡಿಸಿಕೊಂಡು ಹೋದರು. ನನಗೆ ಇವತ್ತಿಗೂ ಅದು ನೋವು.

ಇನ್ನೆರಡು ವಿಷಯ ಕೇಳಲೇಬೇಕು. ಜಾಗ ಯಾರದು? ಟ್ರಸ್ಟ್‌ನದಾ, ಬಾಡಿಗೆನಾ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಲೀಸ್‌ಗೆ ಕೊಟ್ಟ ಸಿಎ ಸೈಟಾ, ಅಂದರೆ ಶಾಲೆಯಂಥ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗನಾ? ಸಿಎ ಸೈಟಾದರೆ ಲೀಸ್ ಸಾಮಾನ್ಯವಾಗಿ 30 ವರ್ಷ, ಇನ್ನೆಷ್ಟು ವರ್ಷ ಉಳಿದಿದೆ ನೋಡಿ. ನಮ್ಮದು ಬಾಡಿಗೆ ಕಟ್ಟಡ. ಅದನ್ನು ಅಪಾರ್ಟ್‌ಮೆಂಟ್‌ಗೆ ಕೊಡುವ ಮಾತು ಆಗಲೇ ನಡೆದಿತ್ತು. ಚಂದಾ ಎತ್ತುತ್ತಿದ್ದ ನಮಗೆ ಯಾರೂ ಹೇಳಲಿಲ್ಲ. ಎರಡನೆಯದು ಬಾಕಿ. ಸಂಬಳ, ಪಿಎಫ್, ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಕೊಡಬೇಕಾದ ಹಣ). ಖಾಸಗಿ ಶಾಲೆ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಪ್ಪತ್ತು ವರ್ಷ ದುಡಿದ ಟೀಚರ್‌ಗಳಿದ್ದರೆ ಆ ಮೊತ್ತ ಸಣ್ಣದಲ್ಲ. ಆಡಿಟ್ ಆದ ಲೆಕ್ಕ ತೋರಿಸದ ಆಡಳಿತ ಮಂಡಳಿಗೆ ಒಂದು ರೂಪಾಯಿಯನ್ನೂ ಎತ್ತಿ ಕೊಡಬೇಡಿ. ಇಷ್ಟು ಕಟುವಾಗಿ ಹೇಳುತ್ತಿರುವುದು ಆ 11 ಲಕ್ಷದಲ್ಲಿ ಆಟೋ ಓಡಿಸುವವರ ದುಡ್ಡೂ ಇತ್ತು ಅನ್ನುವ ಕಾರಣಕ್ಕೆ.

ಶಿಕ್ಷಕಿ, ಈಗ ಬೇರೆ ಕಡೆ ಇದ್ದೇನೆ:
ಮೇಡಂ, ಎತ್ತಿದ ದುಡ್ಡು ಮೊದಲು ಸಂಬಳಕ್ಕೆ ಹೋಗಲಿ. ನಾನಿದ್ದ ಶಾಲೆಯಲ್ಲಿ ಐದು ತಿಂಗಳು ಸಂಬಳ ಆಗಿರಲಿಲ್ಲ. ಅದೇ ಹೊತ್ತಿಗೆ ದಾನಿಗಳ ದುಡ್ಡಲ್ಲಿ ಗೋಡೆಗೆ ಬಣ್ಣ ಹೊಡೆಸಿದರು, ಸ್ಮಾರ್ಟ್ ಬೋರ್ಡ್ ತಂದರು. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಗಣಿತ, ವಿಜ್ಞಾನದ ಟೀಚರ್ ಇಬ್ಬರೂ ಬಿಟ್ಟು ಹೋಗಿದ್ದರು. ಟೀಚರ್ ಇಲ್ಲ ಅಂತ ಗೊತ್ತಾದ ಮೇಲೆ ಯಾವ ತಾಯಿ ತಾನೇ ಮಗುವನ್ನು ಅಲ್ಲಿ ಬಿಡುತ್ತಾಳೆ?

ಲಗ್ಗೆರೆಯ ಪೋಷಕರು:
ನಮ್ಮ ಕಡೆ ಒಂದು ಶಾಲೆ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಜಾಸ್ತಿ ದುಡ್ಡು ಎತ್ತಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಭಾನುವಾರ ಭಾನುವಾರ ಎಂಟು ಜನ ವಠಾರಗಳಿಗೆ ಹೋದೆವು. ಶಾಲೆ ಬಗ್ಗೆ ಹೇಳೋಕೆ ಹೋದವರು ನಾವು, ಆದರೆ ಕೇಳಿಸಿಕೊಂಡು ಬಂದದ್ದೇ ಜಾಸ್ತಿ. ಅಲ್ಲಿನ ತಾಯಂದಿರು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವವರು. ಶುಲ್ಕದ ಬಗ್ಗೆ ಹೆಚ್ಚು ಜನ ಮಾತಾಡಲಿಲ್ಲ. "ಮೂರೂವರೆಗೆ ಸ್ಕೂಲ್ ಬಿಟ್ಟರೆ ಮಗು ಎಲ್ಲಿರಬೇಕು? ನಾನು ಬರೋದು ಆರು ಗಂಟೆ ಆಗುತ್ತೆ" ಅಂದರು. ಒಬ್ಬರಲ್ಲ, ಮನೆ ಮನೆಯಲ್ಲೂ ಇದೇ ಮಾತು.

ಹಳೆ ವಿದ್ಯಾರ್ಥಿನಿಯರು ಇಬ್ಬರನ್ನು ಗೌರವಧನ ಕೊಟ್ಟು ಇಟ್ಟುಕೊಂಡೆವು. ಆರೂವರೆವರೆಗೆ ಮಕ್ಕಳು ಶಾಲೆಯಲ್ಲೇ ಇರಬಹುದು. ಹೋಂವರ್ಕ್, ಆಟ, ಸಂಜೆಗೆ ಒಂದು ಬಾಳೆಹಣ್ಣು ಅಥವಾ ಅವಲಕ್ಕಿ. ಒಂದನೇ ಕ್ಲಾಸಿನಲ್ಲಿ 9 ಮಕ್ಕಳಿದ್ದರು. ಆ ಜೂನ್‌ನಲ್ಲಿ 22 ಆದರು.

ದುಡ್ಡಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬೇರೆ ಬ್ಯಾಂಕ್ ಖಾತೆ ಮಾಡಿಸಿ, ಸಹಿಗೆ ಪೋಷಕರೊಬ್ಬರು ಇರಲಿ. ಟ್ರಸ್ಟ್‌ಗೆ 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ) ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ತೆರಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಸಿಗುವುದೇ ಇಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡ ಹಳೆ ವಿದ್ಯಾರ್ಥಿಗಳ ದುಡ್ಡು ಬೇಕೆಂದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನ ನೋಂದಣಿ ಬೇಕು. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡಿಗೆ ಸಿಎಸ್‌ಆರ್-1 ನೋಂದಣಿ ಬೇಕು. ಹೊಸದಾಗಿ ಮಗು ಸೇರಿಸಲು ಬಂದವರ ಹತ್ತಿರ ಚಂದಾ ಕೇಳಲೇಬೇಡಿ. ಕ್ಯಾಪಿಟೇಶನ್ ಶುಲ್ಕ (ಸೀಟು ಕೊಡಲು ವಸೂಲಿ ಮಾಡುವ ದುಡ್ಡು) ನಿಷೇಧದ ಕಾನೂನು 1984ರಿಂದಲೇ ಇದೆ.

ಕೇಳಿದವರು, ಹನುಮಂತನಗರ:
ಎಲ್ಲರಿಗೂ ಧನ್ಯವಾದ. ಮಗಳ ಕ್ಲಾಸ್ ಟೀಚರ್ ಹತ್ತಿರ ಸುಮ್ನೆ ವಿಚಾರಿಸಿದೆ. ಒಂದನೇ ಕ್ಲಾಸಿನಲ್ಲಿ 8 ಮಕ್ಕಳಂತೆ. ಎದೆ ಝಲ್ ಅಂದಿತು. ಶನಿವಾರ ನಾಲ್ಕು ಜನ ಪೋಷಕರು ಕಾರ್ಯದರ್ಶಿಗಳ ಹತ್ತಿರ ಹೋಗಿ ಲೆಕ್ಕ ಮತ್ತು ಜಾಗದ ಕಾಗದ ಕೇಳುತ್ತೇವೆ. ಭಾನುವಾರದಿಂದ ಮನೆ ಮನೆಗೆ ಹೋಗುತ್ತೇವೆ.

ರಾಜಾಜಿನಗರದ ಹಳೆ ವಿದ್ಯಾರ್ಥಿ:
ಒಳ್ಳೇದಾಗಲಿ ಅಕ್ಕ. ಶನಿವಾರ ಇನ್ನೊಂದು ಮಾತು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಡೆಸಲು ಆಗುವುದಿಲ್ಲ ಅನ್ನುವುದಾದರೆ ಜನವರಿ ಒಳಗೆ ಹೇಳಬೇಕು. ನಮಗೆ ಹೇಳಿದ್ದು ಮೇ ಕೊನೆಯಲ್ಲಿ. ಅಷ್ಟರಲ್ಲಿ ಹತ್ತಿರದ ಶಾಲೆಗಳಲ್ಲಿ ಸೀಟು ಮುಗಿದಿತ್ತು. ಒಂಬತ್ತನೇ ಕ್ಲಾಸ್ ಮುಗಿಸಿದ ಮಕ್ಕಳನ್ನು ಹತ್ತನೇ ಕ್ಲಾಸಿಗೆ ಯಾರೂ ಸೇರಿಸಿಕೊಳ್ಳಲಿಲ್ಲ. ನನ್ನ ಮಗ ಆ ಬ್ಯಾಚಿನವನು. ನಿಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಎಸ್‌ಎಸ್‌ಎಲ್‌ಸಿ ಬರೆಸಿಯೇ ಕಳಿಸುತ್ತೇವೆ ಅಂತ ಮೊದಲು ಬರೆಸಿಕೊಳ್ಳಿ. ಚಂದಾ ಆಮೇಲೆ.