ಇಮ್ಯುನೊಥೆರಪಿ ನಡೆಯುವಾಗ ಜಿಂಕ್, ಸೆಲೆನಿಯಂ ಮಾತ್ರೆ ಕೊಡಬಹುದಾ?

ಮೂಡಿಗೆರೆ ಕಡೆಯವ: ಚಿಕ್ಕಪ್ಪನವರಿಗೆ ಶ್ವಾಸಕೋಶದ ಕ್ಯಾನ್ಸರ್. ಪೆಂಬ್ರೊಲಿಜುಮ್ಯಾಬ್ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಇಮ್ಯುನೊಥೆರಪಿ ಔಷಧಿ) 200 ಮಿ.ಗ್ರಾಂ, 3 ವಾರಕ್ಕೊಮ್ಮೆ ಡ್ರಿಪ್. ಜಿಂಕ್, ಸೆಲೆನಿಯಂ ಸೇರಿಸಿದರೆ ಔಷಧಿ ಚೆನ್ನಾಗಿ ಹಿಡಿಯುತ್ತೆ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಮನೆಯಲ್ಲಿ 50 ಮಿ.ಗ್ರಾಂ ಜಿಂಕ್ ಮಾತ್ರೆ ತಂದಿಟ್ಟಿದ್ದಾರೆ. ದಿನಾ ಕೊಡಬಹುದಾ?

ಹಾಸನ ಫಾರ್ಮಸಿ: ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ. ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್ 220 ಮಿ.ಗ್ರಾಂ ಅಂದರೆ ಅದರಲ್ಲಿರುವ ಸತು (ಜಿಂಕ್) ಸುಮಾರು 50 ಮಿ.ಗ್ರಾಂ. ‘ಎಲಿಮೆಂಟಲ್’ ಅಂತ ಬರೆದಿದ್ದರೆ ಅಷ್ಟೂ ಸತುವೇ. ದೊಡ್ಡವರಿಗೆ ಊಟ, ಮಾತ್ರೆ ಎಲ್ಲ ಸೇರಿ ದಿನಕ್ಕೆ 40 ಮಿ.ಗ್ರಾಂ ಮೇಲ್ಮಿತಿ. ತಿಂಗಳುಗಟ್ಟಲೆ ಅದನ್ನು ದಾಟಿದರೆ ತಾಮ್ರ ಕಮ್ಮಿಯಾಗುತ್ತೆ: ಸತು ಹೆಚ್ಚಾದಾಗ ಕರುಳಿನ ಜೀವಕೋಶಗಳಲ್ಲಿ ಮೆಟಲೊಥಯೊನೀನ್ ಎಂಬ ಪ್ರೋಟೀನ್ ಹೆಚ್ಚುತ್ತೆ, ಅದು ತಾಮ್ರವನ್ನು ಹಿಡಿದಿಟ್ಟು ಮಲದ ಜೊತೆ ಹೊರಗೆ ಹಾಕುತ್ತೆ. ಹಿಮೋಗ್ಲೋಬಿನ್, ನ್ಯೂಟ್ರೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎರಡೂ ಇಳಿಯುತ್ತವೆ, ಪಾದ ಜೋಮು ಹಿಡಿಯುತ್ತೆ. ಕೀಮೊ ಕೂಡ ನಡೀತಿದ್ದರೆ ತಪ್ಪು ಅದರ ತಲೆಗೇ ಬೀಳುತ್ತೆ.

ಲ್ಯಾಬ್ ಕೋಟು: ಈ ಔಷಧಿ ಟಿ-ಕೋಶಗಳ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ) ಪಿಡಿ-1 ಎಂಬ ಬ್ರೇಕ್ ತೆಗೆಯುತ್ತೆ, ಅಷ್ಟೇ. ಕೆಲಸ ಮಾಡಬೇಕಾದ್ದು ಟಿ-ಕೋಶವೇ. ಸತು ಕೊರತೆ ಇದ್ದರೆ ಅದು ಸೊರಗುತ್ತೆ ಅನ್ನೋದು ನಿಜ. ಆದರೆ ನಿಮ್ಮ ಕಡೆಯವರಿಗೆ ಗೊತ್ತಿರುತ್ತೆ, ಎಲೆ ಸಣ್ಣಗಾದ ಕಾಫಿ ಗಿಡಕ್ಕೆ ಜಿಂಕ್ ಸಲ್ಫೇಟ್ ಹೊಡೆದರೆ ಚಿಗುರುತ್ತೆ, ಚೆನ್ನಾಗಿರೋ ಗಿಡಕ್ಕೆ ಹೊಡೆದರೆ ದುಡ್ಡು ದಂಡ.

ಹಾಗಾಗಿ ಮೊದಲು ಅಳೆಸಿ. ರಕ್ತವನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಕಡುನೀಲಿ ಮುಚ್ಚಳದ ಟ್ರೇಸ್ ಎಲಿಮೆಂಟ್ ಟ್ಯೂಬಿನಲ್ಲೇ ತೆಗೆಯಬೇಕು. ಮಾಮೂಲಿ ಟ್ಯೂಬಿನ ರಬ್ಬರಿನಿಂದಲೇ ಸತು ಸೇರಿಕೊಳ್ಳಬಹುದು, ರಕ್ತ ಒಡೆದರೂ ರಿಪೋರ್ಟ್ ಏರುತ್ತೆ. ಜೊತೆಗೆ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಉರಿಯೂತ ಇದ್ದಾಗ ಸತು ಯಕೃತ್ತಿಗೆ ಸರಿದು ರಕ್ತದಲ್ಲಿ ಕಮ್ಮಿ ಕಾಣುತ್ತೆ, ಅದು ಕೊರತೆ ಆಗಿರಲೇಬೇಕೆಂದಿಲ್ಲ.

ಸೆಲೆನಿಯಂ? 35,000ಕ್ಕೂ ಹೆಚ್ಚು ಗಂಡಸರು ಸೇರಿದ್ದ ‘ಸೆಲೆಕ್ಟ್’ ಪ್ರಯೋಗದಲ್ಲಿ ದಿನಕ್ಕೆ 200 ಮೈಕ್ರೊಗ್ರಾಂ ಕೊಟ್ಟರು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲಿಲ್ಲ, 2008ರಲ್ಲಿ ಮಾತ್ರೆ ನಿಲ್ಲಿಸಿದರು. ಅದು ತಡೆಗಟ್ಟುವ ಪ್ರಯೋಗ, ಇಮ್ಯುನೊಥೆರಪಿಯದ್ದಲ್ಲ; ಆದರೂ ‘ಹೆಚ್ಚು ಕೊಟ್ಟಷ್ಟೂ ಒಳ್ಳೇದು’ ಅನ್ನೋರು ಅದನ್ನು ಓದಲಿ. ಇಲಿಗಳಲ್ಲಿ ‘ಸ್ಟಿಂಗ್’ ಎಂಬ, ರೋಗನಿರೋಧಕ ವ್ಯವಸ್ಥೆಯನ್ನು ಚುರುಕು ಮಾಡುವ ದಾರಿಯನ್ನು ಎಚ್ಚರಿಸಿ ಭರವಸೆ ತೋರಿಸಿರೋದು ಮ್ಯಾಂಗನೀಸ್. ಹಾಗಂತ ಅದರ ಮಾತ್ರೆ ನುಂಗಿಸಬೇಡಿ, ಹೆಚ್ಚಾದರೆ ಮಿದುಳಿಗೆ ಪೆಟ್ಟು.

ಮೂಡಿಗೆರೆ ಕಡೆಯವ: ಮಲ್ಟಿವಿಟಮಿನ್ ಆಗಲೇ ತಗೊಳ್ತಿದ್ದಾರೆ, ಅದರಲ್ಲೂ ಜಿಂಕ್ ಇದೆ. ಅದನ್ನೂ ಬಿಡಿಸಬೇಕಾ?

ಹಾಸನ ಫಾರ್ಮಸಿ: ಸ್ಟ್ರಿಪ್ ಡಾಕ್ಟರಿಗೆ ತೋರಿಸಿ, ಅವರೇ ಹೇಳಲಿ. ಅದರಲ್ಲಿ ಬಯೊಟಿನ್ (ಒಂದು ಬಿ ವಿಟಮಿನ್) ಇದೆಯಾ ನೋಡಿ. ಈ ಔಷಧಿ ಥೈರಾಯ್ಡ್ ಕೆಡಿಸಬಹುದು ಅಂತ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಆಗಾಗ ಮಾಡಿಸ್ತಾರೆ. ಬಯೊಟಿನ್ ಡೋಸ್ ದೊಡ್ಡದಿದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಮ್ಮಿ ಬರುತ್ತೆ. ಲ್ಯಾಬಿನವರಿಗೆ ಮೊದಲೇ ಹೇಳಿ, ಎರಡು ದಿನ ಮುಂಚೆ ನಿಲ್ಲಿಸಿ. ಮೆಗ್ನೀಸಿಯಂ ಇರೋ ಮಾತ್ರೆಯಿಂದ ಭೇದಿ ಆಗಬಹುದು, ಇಮ್ಯುನೊಥೆರಪಿಯಿಂದ ಕರುಳು ಊದಿಕೊಂಡರೂ ಭೇದಿಯೇ. ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಹೋದರೆ, ಇಲ್ಲವೇ ರಕ್ತ ಕಂಡರೆ, ಮಾತ್ರೆಯದ್ದೇ ಕಾಟ ಅಂದುಕೊಂಡು ಮನೆಯಲ್ಲಿ ಲೊಪೆರಮೈಡ್ (ಭೇದಿ ನಿಲ್ಲಿಸುವ ಮಾತ್ರೆ) ಕೊಟ್ಟು ಕೂರಬೇಡಿ. ಡ್ರಿಪ್ ಹಾಕುವ ಆಸ್ಪತ್ರೆಗೆ ಅವತ್ತೇ ಫೋನ್ ಮಾಡಿ.